ಅಪರಿಚಿತ ಮೂಲದ ವಿಚಾರಣೆ

ಫೋನು ನಮ್ಮನ್ನು ಹೆದರಿಸುವುದರಲ್ಲೂ ಒಂದು ಅಲಂಕಾರಶಾಸ್ತ್ರವಿದೆ, ಗಮನಿಸಿದ್ದೀರಾ? ಅಧಿಕೃತ ಅಂಗಡಿಯ ಹೊರಗಿನಿಂದ ಒಂದು ಆ್ಯಪನ್ನು ಹಾಕಿಕೊಳ್ಳಲು ಹೊರಟೊಡನೆ ಪರದೆಯ ನಡುವೆ ಒಂದು ಚೌಕ ಧಿಗ್ಗನೆ ಎದ್ದು ನಿಲ್ಲುತ್ತದೆ. ಇದು ಅಪರಿಚಿತ ಮೂಲದಿಂದ ಬಂದದ್ದು, ಇದರಿಂದ ನಿಮ್ಮ ಫೋನಿಗೂ ಖಾಸಗಿ ಮಾಹಿತಿಗೂ ಹಾನಿಯಾಗಬಹುದು, ಹಾಗಾದರೆ ಹೊಣೆ ನಿಮ್ಮದೇ ಎಂದು ಶಾಸನದ ಧಾಟಿಯಲ್ಲಿ ಸಾರುತ್ತದೆ. ಅದರ ಕೆಳಗೆ ಎರಡು ಗುಂಡಿಗಳು. 'ರದ್ದುಮಾಡು' ಎಂಬುದು ಮದುವೆಮನೆಯ ಸೋದರಮಾವನಂತೆ ಎದೆಯುಬ್ಬಿಸಿ ದಪ್ಪಕ್ಷರದಲ್ಲಿ ನಿಂತಿದ್ದರೆ, 'ಆದರೂ ಮುಂದುವರಿಸು' ಎಂಬುದು ಕರೆಯದೆ ಊಟಕ್ಕೆ ಬಂದವನ ಹಾಗೆ ಬಿಳಿಚಿಕೊಂಡು ಮೂಲೆ ಹಿಡಿದಿರುತ್ತದೆ. ಯಾವುದನ್ನು ಒತ್ತಬೇಕೆಂಬ ತೀರ್ಮಾನ ನಮ್ಮದು ಎನ್ನುತ್ತಾರಾದರೂ, ತೀರ್ಮಾನ ಆಗಲೇ ಆಗಿಹೋಗಿರುವುದು ಆ ಬಣ್ಣಗಳಲ್ಲೇ ಗೊತ್ತಾಗುತ್ತದೆ.

ಹೆದರಿಕೆಯ ವಿಷಯದಲ್ಲಿ ನನಗೆ ಯಾರ ತರಬೇತಿಯೂ ಬೇಕಿಲ್ಲ. ಹೊಸ ತಿಪ್ಪಸಂದ್ರದ ಮನೆಯಿಂದ ಹೊರಟು ಮಾರ್ಕೆಟ್ ರಸ್ತೆಯ ತುದಿ ಮುಟ್ಟಿದ ಮೇಲೂ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಹಿಂದಿರುಗಿ ನೋಡಿ ಬರುವವಳು ನಾನು. ಹಲಸೂರಿನ ಶಾಲೆಯಲ್ಲಿ ಜ್ವಾಲಾಮುಖಿಯ ಪಾಠ ಮಾಡುವಾಗ, ದಖ್ಖನ್ ಪ್ರಸ್ಥಭೂಮಿಯೂ ಒಂದು ಕಾಲಕ್ಕೆ ಕುದಿದು ಹರಿದದ್ದೇ ಎಂಬುದು ನೆನಪಾಗಿ, ಮಕ್ಕಳಿಗೆ ಕಾಣದಂತೆ ಕಾಲಿನಿಂದ ನೆಲವನ್ನೊಮ್ಮೆ ಒತ್ತಿ ನೋಡಿಕೊಂಡಿದ್ದೇನೆ. ಇಂಥವಳು ಈ ಮಳೆಗಾಲದಲ್ಲಿ ಆ ಬಿಳಿಚಿಕೊಂಡ ಗುಂಡಿಯನ್ನು ಒತ್ತಿದೆ. ತಿಳಿದೂ ತಿಳಿದೂ ಒತ್ತಿದೆ. ಅದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಹೇಳಲೆಂದೇ ಈ ಬರಹ.

ಇದಕ್ಕೂ ಮೊದಲು ಒಮ್ಮೆ ತಿಳಿಯದೆ ಒತ್ತಿದ್ದೆ ಎಂಬುದನ್ನು ಮುಚ್ಚಿಟ್ಟರೆ ಪ್ರಾಮಾಣಿಕತೆಯಾಗುವುದಿಲ್ಲ. ನಮ್ಮ ತವರಿನವರು ಕೆ.ಆರ್. ಪುರದ ಹಳೆಯ ಒಕ್ಕಲು. ಹೊಲಗಳು ಸೈಟುಗಳಾಗಿ, ಸೈಟುಗಳು ಬಾಡಿಗೆ ಮನೆಗಳಾಗಿ ಎಷ್ಟೋ ಕಾಲವಾದರೂ ನಮ್ಮಲ್ಲಿ ಒಂದು ಕಟ್ಟಳೆ ಮಾತ್ರ ಅಲುಗಾಡಿಲ್ಲ: ಮದುವೆಯ ಕರೆಯೋಲೆಯನ್ನು ಯಾರೂ ತೆರೆಯದೆ ಬಿಡಕೂಡದು, ತೆರೆದವರು ಹೋಗದೆ ಇರಕೂಡದು. ಮೋಸಗಾರರಿಗೆ ನಮ್ಮ ಕುಲಾಚಾರವನ್ನು ಯಾರು ಹೇಳಿಕೊಟ್ಟರೋ ಕಾಣೆ. ಒಂದು ಮಧ್ಯಾಹ್ನ ದೂರದ ಸಂಬಂಧಿಯೊಬ್ಬರ ನಂಬರಿನಿಂದ 'ಮದುವೆ ಆಮಂತ್ರಣ' ಎಂಬ ಹೆಸರಿನ ಕಡತವೊಂದು ಬಂತು. ಯಾರ ಮಗಳೋ, ಯಾವ ಛತ್ರವೋ ಎಂಬ ಆತಂಕದಲ್ಲಿ, ಅದು ಚಿತ್ರವಲ್ಲ, ಆ್ಯಪು ಎಂಬುದನ್ನೂ ನೋಡದೆ, ಅದು ಕೇಳಿದ್ದಕ್ಕೆಲ್ಲ 'ಹೂಂ' ಎನ್ನುತ್ತ ಹೋದೆ. ಸಂಪರ್ಕಪಟ್ಟಿ ಬೇಕೇ? ಹೂಂ. ಸಂದೇಶಗಳನ್ನು ಓದಬೇಕೇ? ಹೂಂ. ಲಗ್ನಪತ್ರಿಕೆ ಸಂದೇಶಗಳನ್ನೇಕೆ ಓದಬೇಕು ಎಂಬ ಪ್ರಶ್ನೆ ಹೊಳೆಯುವಷ್ಟರಲ್ಲಿ, ನನ್ನ ಹೆಸರಿನಲ್ಲಿ ಅದೇ ಕರೆಯೋಲೆ ನನ್ನ ಬಂಧುಬಳಗಕ್ಕೆಲ್ಲ ಹೋಗಿತ್ತು. ಬ್ಯಾಂಕಿಗೆ ಹೇಳಿ ಎಲ್ಲ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಆದರೆ ದೊಡ್ಡಪ್ಪನವರ ಸಿಟ್ಟನ್ನು ನಿಲ್ಲಿಸುವ ಸಹಾಯವಾಣಿ ಯಾವುದೂ ಇರಲಿಲ್ಲ. "ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೀದೆ ಫೋನಲ್ಲಿ ಕರೀತೀಯೇನಮ್ಮ? ಯಾರ ಮದುವೇನೇ ಆಗ್ಲಿ, ನಾನು ಬರಾಕಿಲ್ಲ!" ಎಂದು ಅವರು ಗುಡುಗಿ, ಇಲ್ಲದ ಮದುವೆಯನ್ನು ಬಹಿಷ್ಕರಿಸಿದರು.

ಅಂದಿನಿಂದ ನಮ್ಮ ಕುಟುಂಬದಲ್ಲಿ ಒಂದು ಶಾಸನ ಜಾರಿಗೆ ಬಂತು. ಶಾಸನಕರ್ತ ಮಂಜ, ಅಂದರೆ ನನ್ನ ಚಿಕ್ಕಮ್ಮನ ಮಗ. ಪೈಪು ನಲ್ಲಿಗಳ ಅಂಗಡಿ ಇಟ್ಟಿರುವ ಇವನಿಗೆ ಎಲ್ಲಿ ಏನು ಸೋರಿದರೂ ಮೊದಲು ಮೇನ್ ವಾಲ್ವನ್ನೇ ತಿರುಗಿಸಿಬಿಡುವ ಅಭ್ಯಾಸ. ಅಧಿಕೃತ ಅಂಗಡಿಯ ಹೊರಗಿನ ಯಾವ ಆ್ಯಪನ್ನೂ ಈ ವಂಶದಲ್ಲಿ ಯಾರೂ ಮುಟ್ಟತಕ್ಕದ್ದಲ್ಲ ಎಂದು ಕುಟುಂಬದ ಗುಂಪಿನಲ್ಲಿ ಬರೆದು, ಅದನ್ನು ಎಲ್ಲಕ್ಕಿಂತ ಮೇಲೆ ಪಿನ್ನು ಹೊಡೆದು ಕೂರಿಸಿದ. ತಪ್ಪಿತಸ್ಥೆಯಾದ ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ.

ತೊಂದರೆ ಶುರುವಾದದ್ದು ಚಿಕ್ಕಮ್ಮನ ಫೋನು ನೆಲದಡಿಯ ನೀರಿನ ಸಂಪಿನೊಳಗೆ ಬಿದ್ದಾಗ. ನೀರೆಷ್ಟು ಬಂದಿದೆ ಎಂದು ಮುಚ್ಚಳ ಸರಿಸಿ ಬಗ್ಗಿದರಂತೆ, ಸೆರಗಿನಲ್ಲಿ ಸಿಕ್ಕಿಸಿದ್ದ ಫೋನು ಜಾರಿತಂತೆ. ಚಿಕ್ಕಮ್ಮನಿಗೆ ಕಣ್ಣಿನ ಒಳಪದರ ಸವೆದು, ನೋಟದ ನಟ್ಟನಡುವೆ ಒಂದು ಮಸಿಯ ಕಲೆ ಕೂತಿದೆ. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕೆಂದು ನೋಡಿದ್ದು ಮಾತ್ರ ಕಾಣುವುದಿಲ್ಲ. ಆ ಹಳೆಯ ಫೋನಿನಲ್ಲಿ 'ಓದುಗಣ್ಣು' ಎಂಬ ಆ್ಯಪೊಂದಿತ್ತು. ಪುಟದ ಮೇಲೆ ಹಿಡಿದರೆ ಅಚ್ಚಾದ ಕನ್ನಡವನ್ನು ಸ್ಪಷ್ಟವಾಗಿ ಓದಿ ಹೇಳುತ್ತಿತ್ತು. ಹೊಸ ಫೋನು ಬಂದಾಗ ಆ್ಯಪುಗಳ ಅಧಿಕೃತ ಅಂಗಡಿಯಲ್ಲಿ ಅದು ಇರಲಿಲ್ಲ. ಆ ಅಂಗಡಿಯವರು ಕೇಳುವ, ವರ್ಷ ವರ್ಷ ಬದಲಾಗುವ ಕಾಗದಪತ್ರಗಳನ್ನು ತುಂಬಿ ಸಾಕಾಗಿ ಅದನ್ನು ಮಾಡಿದವರೇ ಹಿಂತೆಗೆದುಕೊಂಡು, ತಮ್ಮದೇ ಜಾಲತಾಣದಲ್ಲಿ ಇಟ್ಟಿದ್ದರು.

ಬೇರೆ ಆ್ಯಪುಗಳಿಲ್ಲವೇ ಎಂದು ನೀವು ಕೇಳುವುದು ನ್ಯಾಯ. ಹಾಕಿ ನೋಡಿದೆವು. ಒಂದು, ಪತ್ರಿಕೆಯ ಅಂಕಣಗಳನ್ನು ಅಡ್ಡಡ್ಡ ಓದಿ, ವಿಧಾನಸಭೆಯ ಗದ್ದಲವನ್ನೂ ಕುಕ್ಕರಿನ ಜಾಹೀರಾತನ್ನೂ ಒಂದೇ ವಾಕ್ಯ ಮಾಡಿತು. ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲವೆನ್ನಿ. ಇನ್ನೊಂದು ಒತ್ತಕ್ಷರ ಕಂಡಲ್ಲೆಲ್ಲ ಗಂಟಲಿಗೆ ಮುಳ್ಳು ಸಿಕ್ಕಿದಂತೆ ನಿಂತುಬಿಟ್ಟಿತು. ಕೊನೆಗೆ ಮಂಜ, "ನಾನೇ ಓದಿ ಹೇಳ್ತೀನಿ ಬಿಡಮ್ಮ, ಅದಕ್ಯಾಕೆ ಇಷ್ಟೊಂದು ರಂಪ?" ಎಂದ.

ಮಂಜನ ಓದು ಹೇಗೆಂದರೆ, ಹನ್ನೆರಡು ಪುಟದ ಪತ್ರಿಕೆ ಅವನ ಬಾಯಲ್ಲಿ ಹನ್ನೆರಡು ಮಾತಾಗುತ್ತದೆ. "ಏನಿಲ್ಲಮ್ಮ, ಅದೇ ಹಳೇದು. ಯಾರೋ ಯಾರಿಗೋ ಬೈದವ್ರೆ. ಮಳೆ ಬರ್ತದಂತೆ. ಆಯ್ತು." ಚಿಕ್ಕಮ್ಮ ಸುಮ್ಮನಿರುವವರಲ್ಲ. "ಸಾರಲ್ಲಿರೋ ಬೇಳೆನೆಲ್ಲ ನೀನು ತಿಂದು ನಂಗೆ ಬರೀ ತಿಳಿ ಬಡಿಸ್ತೀಯಲ್ಲೋ" ಎನ್ನುತ್ತಿದ್ದರು. ಇದೆಲ್ಲ ನಗುವಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಶ್ರದ್ಧಾಂಜಲಿಯ ಪುಟದಲ್ಲಿ ರುಕ್ಮಿಣಮ್ಮನವರ ಚಿತ್ರ ಬಂದಿತ್ತು. ಚಿಕ್ಕಮ್ಮನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಮದುವೆಯಾಗಿ ಹಲಸೂರಿಗೆ ಹೋದರೂ ಹಬ್ಬಕ್ಕೊಮ್ಮೆ ಬಂದು ಜಗಳವಾಡಿ ಹೋಗುತ್ತಿದ್ದವರು. ಮಂಜ ನೋಡಿದ. ಅಮ್ಮ ನೊಂದುಕೊಳ್ಳುತ್ತಾಳೆಂದು ಪುಟ ತಿರುವಿದ. ಚಿಕ್ಕಮ್ಮನಿಗೆ ಗೊತ್ತಾಗುವ ಹೊತ್ತಿಗೆ ಹನ್ನೊಂದನೆಯ ದಿನವೂ ಕಳೆದಿತ್ತು.

ಅವರು ಅಳಲಿಲ್ಲ, ಮಗನನ್ನು ಬೈಯಲೂ ಇಲ್ಲ. ನಾನು ಹೋದಾಗ, "ಮುಖ ನೋಡೋಕೆ ಹೋಗ್ಲಿಲ್ವಲ್ಲೇ ಜಯಾ. ನಾನು ಬರ್ಲಿಲ್ಲ ಅಂತ ಅವ್ಳ ಸೊಸೆ ಏನಂದ್ಕೊಂಡ್ಳೋ" ಎಂದು ಹೇಳಿ, ಹೊಸ ಫೋನನ್ನು ನನ್ನ ತೊಡೆಯ ಮೇಲಿಟ್ಟರು. "ನಂಗೆ ನನ್ನ ಓದುಗಣ್ಣು ಬೇಕು. ನೀನು ಹಾಕ್ಕೊಡ್ತೀಯೋ, ಇಲ್ಲ ದಾರೀಲಿ ಹೋಗೋರನ್ನ ಕರೀಲೋ?"

ಕಾಪಾಡುವವರ ಕೈಯಲ್ಲಿ ನಾವು ಹೀಗೆಯೇ ಸಿಕ್ಕಿಕೊಳ್ಳುವುದು. ನಮ್ಮ ಮೇಲಿನ ಪ್ರೀತಿಯಿಂದಲೇ ನಮಗಾಗಿ ಪುಟ ತಿರುವಿಬಿಡುತ್ತಾರೆ. ಮಂಜನ ಶಾಸನಕ್ಕೆ ಹೆಬ್ಬೆರಳೊತ್ತಿದ್ದ ನನ್ನಲ್ಲಿ ಆ ಕ್ಷಣ ಏನೋ ಸೆಟೆದು ನಿಂತಿತು. ಒಮ್ಮೆ ಹಳಸಿದ್ದನ್ನು ತಿಂದ ತಪ್ಪಿಗೆ ಮೂಸಿ ನೋಡುವುದನ್ನು ಕಲಿಯಬೇಕೇ ಹೊರತು ಜನ್ಮಪೂರ್ತಿ ಉಪವಾಸ ಕೂರಬೇಕಾಗಿಲ್ಲ. ಮೂಲ ಅಪರಿಚಿತವೇ? ಹಾಗಿದ್ದರೆ ಪರಿಚಯ ಮಾಡಿಕೊಂಡರಾಯಿತು!

ಪರಿಚಯ ಮಾಡಿಕೊಳ್ಳುವುದು ನಮ್ಮವರಿಗೆ ಬರುವ ವಿದ್ಯೆ. ಹೆಣ್ಣು ಕೊಡುವ ಮುಂಚೆ ನಮ್ಮ ತಾತನವರು ನೇರವಾಗಿ ಗಂಡಿನ ಮನೆಗೆ ಹೋಗುತ್ತಿರಲಿಲ್ಲ. ಮೊದಲು ಆ ಊರಿನ ಹಿಟ್ಟಿನ ಗಿರಣಿಗೆ ಹೋಗಿ ಕೂರುತ್ತಿದ್ದರು. ಗಿರಣಿಯಲ್ಲಿ ಅರ್ಧ ದಿನ ಕೂತರೆ ಆ ಮನೆಯ ಸಮಾಚಾರವೆಲ್ಲ ಹಿಟ್ಟಿನ ಜೊತೆಗೇ ಉದುರುತ್ತಿತ್ತು. ನಾನೂ ಹಾಗೇ ಮಾಡಿದೆ. ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವ ನನ್ನ ಗೆಳತಿಯೊಬ್ಬಳನ್ನು ಕೇಳಿದೆ. ತಮ್ಮಲ್ಲಿ ಎಷ್ಟೋ ಜನ ಅದನ್ನೇ ಬಳಸುತ್ತಾರೆಂದಳು. ಅದೇ ಹೆಸರಿನ ಆ್ಯಪು ಬೇರೆ ಬೇರೆ ತಾಣಗಳಲ್ಲೂ ಸಿಗುತ್ತಿತ್ತು. ಅಲ್ಲೆಲ್ಲ ಮಿಣುಕುವ ಹತ್ತು ಗುಂಡಿಗಳಿದ್ದವು. ಹತ್ತೂ 'ಇಲ್ಲಿ ಒತ್ತಿ' ಎಂದು ಕೈಹಿಡಿದು ಎಳೆಯುವಂಥವು. ಅವುಗಳನ್ನು ಬಿಟ್ಟು, ಮಾಡಿದವರ ಸ್ವಂತ ತಾಣದ ವಿಳಾಸವನ್ನೇ ಗೆಳತಿಯಿಂದ ಪಡೆದುಕೊಂಡೆ. ಅಷ್ಟಕ್ಕೂ ಸಮಾಧಾನವಾಗದೆ, ಒಂದು ಶನಿವಾರ ಶಾಲೆ ಮುಗಿಸಿಕೊಂಡು, ಮಾಡಿದವರ ಮನೆಯನ್ನೇ ಹುಡುಕಿಕೊಂಡು ಕುಕ್ ಟೌನಿಗೆ ಹೋದೆ. ತಂತ್ರಾಂಶ ಹಾಕಿಕೊಳ್ಳಲು ಎರಡು ಬಸ್ಸು ಹಿಡಿದು ಹೋದವಳು ಈ ನಗರದಲ್ಲಿ ನಾನೊಬ್ಬಳೇ ಇರಬೇಕು.

ಹೆಂಚಿನ ಹಳೆಯ ಬಂಗಲೆ. ಬಾಗಿಲು ತೆರೆದವರು ಸೆಲ್ವರಾಜ್ ಎಂಬ ನಿವೃತ್ತ ಭೌತಶಾಸ್ತ್ರದ ಮೇಷ್ಟರು. ನಾನು ಬಂದ ಕಾರಣ ಕೇಳಿ ಅವರು ನಗಲಿಲ್ಲ. "ಗುಡ್. ಎಲ್ಲರೂ ಹಿಂಗೇ ಬಂದು ಕೇಳ್ಬೇಕಮ್ಮ, ಕಾಫಿ ಕೊಡ್ಬೌದಿತ್ತು" ಎಂದರು. ಅವರ ಮನೆಮಾತು ತಮಿಳು. ಕನ್ನಡ ಕಲಿಸಿದ್ದು ಕನ್ನಡ ಟೀಚರಾಗಿದ್ದ ಹೆಂಡತಿಯಂತೆ. ಆಕೆಯ ಕಣ್ಣು ಮಂಜಾದಾಗ ಆಕೆಗೆಂದೇ ಮೇಷ್ಟರು ಮಾಡಿದ ಆ್ಯಪು ಅದು. "ಅವ್ಳು ಹೋಗಿ ನಾಕು ವರ್ಷ ಆಯ್ತು. ಆದ್ರೂ ತಪ್ಪುಗಳು ಬರ್ತಾ ಇರುತ್ತಲ್ಲ, ಸರಿ ಮಾಡ್ತಾ ಇರ್ತೀನಿ. ಒತ್ತಕ್ಷರ ತಪ್ಪಾದ್ರೆ ಅವ್ಳು ನನ್ನ ಬಿಡ್ತಿರ್ಲಿಲ್ಲ."

ಗಂಡಿನ ಕಡೆಯವರ ಬೇಡಿಕೆಗಳನ್ನೂ ಕೇಳಿದೆ. ಕ್ಯಾಮೆರಾ ಮಾತ್ರ ಸಾಕೆಂದರು. ಸಂಪರ್ಕಪಟ್ಟಿ ಬೇಡ, ಸಂದೇಶಗಳು ಬೇಡ, ಇಂಟರ್ನೆಟ್ಟಂತೂ ಬೇಡವೇ ಬೇಡ. ಎಲ್ಲವನ್ನೂ ಫೋನಿನೊಳಗೇ ಕೂತು ಓದುತ್ತದೆ. ಬೆಳಕು ಬಿಡುವುದಷ್ಟೇ ಕೆಲಸವಾಗಿರುವ ಟಾರ್ಚಿನ ಆ್ಯಪೊಂದು ನಾನಿರುವ ಜಾಗ, ನನ್ನ ಬಳಗ ಎಲ್ಲವನ್ನೂ ಕೇಳಿದ್ದನ್ನು ನೋಡಿದ್ದ ನನಗೆ ಈ ವರ ಸಂಭಾವಿತನೆನ್ನಿಸಿತು. ಹೊರಡುವಾಗ ಮೇಷ್ಟರು ಒಂದು ಹಾಳೆಯ ಮೇಲೆ ಅರವತ್ತನಾಲ್ಕು ಅಂಕಿ ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಬರೆದುಕೊಟ್ಟರು. ಅದು ಆ ಕಡತದ ಬೆರಳಚ್ಚು. ದಾರಿಯಲ್ಲಿ ಯಾರಾದರೂ ಕಡತದಲ್ಲಿ ಒಂದು ಚುಕ್ಕೆ ಬದಲಾಯಿಸಿದ್ದರೂ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಇಳಿಸಿಕೊಂಡ ಮೇಲೆ ತಾಳೆ ನೋಡಿ, ಒಂದಕ್ಷರ ವ್ಯತ್ಯಾಸವಾದರೂ ಎಸೆದುಬಿಡಿ ಎಂದರು.

ಮರುದಿನ ಕೆ.ಆರ್. ಪುರದಲ್ಲಿ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ತಾಳೆ ನೋಡುವ ಕಾರ್ಯಕ್ರಮ. ಮೇಷ್ಟರ ತಾಣದಿಂದ ಕಡತವನ್ನು ಇಳಿಸಿಕೊಂಡು, ಫೋನು ತೋರಿಸಿದ ಬೆರಳಚ್ಚನ್ನೂ ಹಾಳೆಯಲ್ಲಿದ್ದದ್ದನ್ನೂ ನಾನು ಒಂದೊಂದು ಗುಂಪಾಗಿ ಗಟ್ಟಿಯಾಗಿ ಓದುತ್ತ ಹೋದೆ; ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತ, ಪ್ರತಿ ಗುಂಪಿಗೂ "ಹ್ಞೂಂ" ಎನ್ನುತ್ತ ಕೂತರು. ಹನ್ನೊಂದನೆಯದಕ್ಕೆ "ಇಲ್ಲ" ಎಂದರು. ಮೇಷ್ಟರೇ ಮೋಸಗಾರರಿರಬಹುದು, ಆ ಬಂಗಲೆಯೇ ಬಾಡಿಗೆಯದಿರಬಹುದು ಎಂದು ಕ್ಷಣಾರ್ಧದಲ್ಲಿ ಒಂದು ಪತ್ತೇದಾರಿ ಕಾದಂಬರಿಯನ್ನೇ ಕಟ್ಟಿಬಿಟ್ಟೆ. "ಗಾಬರಿ ಬೀಳ್ಬೇಡ್ವೇ. ಹಾಳೇಲಿ ಒಂದು ಸಾಲು ಬಿಟ್ಟಿರ್ತೀಯ. ಹಿಂದಕ್ಕೆ ಹೋಗು" ಎಂದರು ಚಿಕ್ಕಮ್ಮ. ಬಿಟ್ಟಿದ್ದೆ. ಹದಿನಾರೂ ಗುಂಪುಗಳು ಕೂಡಿದವು.

ಆಗ ಎದ್ದು ನಿಂತಿತು ಆ ಚೌಕ. ಇದು ಅಪರಿಚಿತ ಮೂಲ ಎಂದಿತು. ನಾನು ಅದಕ್ಕೆ, ಬಾಯಿಬಿಟ್ಟೇ, "ನಿನಗಿರಬಹುದು" ಎಂದು ಹೇಳಿ ಬಿಳಿಚಿಕೊಂಡ ಗುಂಡಿಯನ್ನು ಒತ್ತಿದೆ. ಫೋನಿನ ಸ್ವಂತ ಕಾವಲುಗಾರ ಒಮ್ಮೆ ತಪಾಸಣೆ ಮಾಡಿ ಬಿಟ್ಟ; ಅವನನ್ನು ನಾನು ಕೆಲಸದಿಂದ ತೆಗೆದಿರಲಿಲ್ಲ. ಧಿಕ್ಕಾರ ಕೂಗುವವರು ಕಾವಲುಗಾರನನ್ನು ಮನೆಗೆ ಕಳಿಸಬೇಕಾಗಿಲ್ಲ. ಕೆಲಸ ಮುಗಿದೊಡನೆ, ಹೊರಗಿನಿಂದ ಆ್ಯಪು ಹಾಕಲು ಬ್ರೌಸರಿಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡೆ. ತೆಗೆದುಕೊಂಡೆನೇ ಎಂದು ಮತ್ತೆರಡು ಸಲ ನೋಡಿದೆ. ನನ್ನ ಸ್ವಭಾವ ಜೀವಮಾನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಇಷ್ಟೆಲ್ಲ ಮಾಡಿದವಳಿಂದ ನಿಮಗೊಂದು ಮಾತು: ತಾನಾಗಿ ಹುಡುಕಿಕೊಂಡು ಬರುವ ಆ್ಯಪನ್ನು, ಕಳಿಸಿದವರು ಒಡಹುಟ್ಟಿದವರೇ ಆದರೂ, ಒಳಗೆ ಬಿಟ್ಟುಕೊಳ್ಳಬೇಡಿ. ಬೇಕಾದದ್ದನ್ನು ನಾವು ಹುಡುಕಿಕೊಂಡು ಹೋಗಬೇಕು, ವಿಚಾರಿಸಬೇಕು. ಅಷ್ಟು ಸಹನೆ ಇಲ್ಲದವರಿಗೆ ಅಂಗಡಿಯೇ ಲೇಸು.

ಮಂಜ ಬಂದದ್ದು ಆಗಲೇ. ಕಂಡೊಡನೆ ಅವನಿಗೆ ಅರ್ಥವಾಯಿತು.

"ಅಕ್ಕಾ, ಒಂದ್ಸಲ ಆಗಿದ್ದು ಸಾಕಾಗ್ಲಿಲ್ವಾ? ತೆಗಿ ಅದನ್ನ."

"ತೆಗೆಯಲ್ಲ" ಎಂದೆ. ಕಾರಣಗಳ ಉಪನ್ಯಾಸವನ್ನೇ ಸಿದ್ಧಮಾಡಿಕೊಂಡಿದ್ದೆ. ಅದನ್ನು ಬಿಟ್ಟು ಫೋನನ್ನು ಚಿಕ್ಕಮ್ಮನ ಕೈಗಿತ್ತೆ.

"ಅಮ್ಮಾ, ನೀನಾದ್ರೂ ಹೇಳು. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನು ಕಣೋ" ಎಂದರು ಚಿಕ್ಕಮ್ಮ. "ಫೋನು ನಂದು, ಕಣ್ಣು ನಂದು, ಸತ್ತೋಳು ನನ್ನ ಸ್ನೇಹಿತೆ."

ಮಂಜ ತಲೆ ತಗ್ಗಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತ. ಅಂದಿನ ಪತ್ರಿಕೆಯನ್ನು ಚಿಕ್ಕಮ್ಮ ತೊಡೆಯ ಮೇಲೆ ಹರಡಿಕೊಂಡರು. ಮೊದಲ ಪುಟವನ್ನು ದಾಟಿದರು, ಕ್ರೀಡೆಯನ್ನು ದಾಟಿದರು, ಶ್ರದ್ಧಾಂಜಲಿಯ ಪುಟಕ್ಕೆ ಬಂದು ಫೋನು ಹಿಡಿದರು. ಓದುಗಣ್ಣು ಒಂದು ಒತ್ತಕ್ಷರವನ್ನೂ ನುಂಗದೆ, ಹೆಸರು, ಊರು, ಮಕ್ಕಳು, ಮೊಮ್ಮಕ್ಕಳು, ಎಲ್ಲವನ್ನೂ ನಿಧಾನವಾಗಿ ಓದಿತು. ಕಡೆಯ ಹೆಸರು ಮುಗಿದಾಗ ಚಿಕ್ಕಮ್ಮ ಉಸಿರು ಬಿಟ್ಟರು.

"ಸದ್ಯ. ನಮ್ಮೋರು ಯಾರೂ ಇಲ್ಲ."

ಮಂಜ ಮೆಟ್ಟಿಲಿನಿಂದ ಎದ್ದು ಹತ್ತಿರ ಬಂದ. "ಪುಟ ತಿರುವಿ ಕೊಡ್ಲಾಮ್ಮ?"

"ಬೇಡ. ಪುಟದ ಅಂಚು ನಂಗೆ ಕಾಣ್ತದೆ" ಎಂದು ಹೇಳಿ, ಚಿಕ್ಕಮ್ಮ ತಾವೇ ತಿರುವಿದರು.