ಅತ್ತೆಯ ಮೊಣಕಾಲಿಗೊಂದು ಹೀಟರ್

ನಮ್ಮ ಹಳೆಯ ಕಾರಿನ ಮುಂದಿನ ಸೀಟಿನ ಬುಡದಲ್ಲಿ ಮ್ಯಾಟು ಒದ್ದೆಯಾಗಿದ್ದನ್ನು ಮೊದಲು ಕಂಡುಹಿಡಿದವರು ಅತ್ತೆ. ತಪ್ಪು ಬಂದದ್ದು ನನ್ನ ಮೇಲೆ. ಮಳೆಗಾಲ ಅರ್ಧ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದಿದ್ದವು. ಹಿಂದಿನ ಸಂಜೆಯಷ್ಟೇ ನಾನು ಶಾಲೆ ಮುಗಿಸಿ ಬರುವಾಗ ಕೇಣಿಯ ದಕ್ಕೆಯಿಂದ ಇದೇ ಕಾರಿನಲ್ಲಿ ಬಂಗಡೆ ತಂದಿದ್ದೆ. ನಮ್ಮವರು ಬಗ್ಗಿ, ಮ್ಯಾಟನ್ನು ಎರಡೇ ಬೆರಳಲ್ಲಿ ಎತ್ತಿ, ಕಚೇರಿಯಲ್ಲಿ ತಪ್ಪು ಫೈಲು ಹಿಡಿದ ಹಾಗೆ ನನಗೆ ತೋರಿಸಿದರು.

"ಮೀನಿನ ಚೀಲ ಡಿಕ್ಕಿಲಿ ಇಡು ಅಂತ ಎಷ್ಟ್ ಸಲ ಹೇಳೂದು ನಿಂಗೆ?"

"ಬಂಗಡೆ ನೀರು ಹಿಂಗೆ ಸಿಹಿ ವಾಸನೆ ಬತ್ತದ್ಯಾ?" ಎಂದು ಮ್ಯಾಟು ಮೂಸಿ ಕೇಳಿದೆ.

ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮ ಮನೆಯಲ್ಲಿ ಒಳ್ಳೆಯ ಪ್ರಶ್ನೆಗಳಿಗೆ ಕೂಡಲೇ ಉತ್ತರ ಸಿಗುವ ವಾಡಿಕೆಯಿಲ್ಲ.

ಆಮೇಲೆ ನಾನು ಹಟಕ್ಕೆ ಬಿದ್ದು ಮೀನನ್ನು ಬಸ್ಸಿನಲ್ಲೇ ತಂದೆ. ಮ್ಯಾಟು ಮಾತ್ರ ಒಣಗಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಅತ್ತೆಯನ್ನು ಮೊಣಕಾಲಿನ ಡಾಕ್ಟರ ಹತ್ತಿರ ತೋರಿಸಲು ಕಾರವಾರಕ್ಕೆ ಹೊರಟೆವು. ಹಾರವಾಡ ದಾಟುವಷ್ಟರಲ್ಲಿ ಎದುರಿನ ಗಾಜು ಒಳಗಿನಿಂದಲೇ ಮಂಜಾಯಿತು. ನಮ್ಮವರು ಬಟ್ಟೆಯಿಂದ ಒರೆಸಿದರೆ ಎಣ್ಣೆ ಸವರಿದಂತೆ ಇನ್ನಷ್ಟು ಮಸುಕಾಯಿತು. ಅತ್ತೆಯ ಕಾಲ ಹತ್ತಿರ ಸಣ್ಣಗೆ ಉಗಿ ಏಳುತ್ತಿತ್ತು.

"ತಮಾ, ಒಳಗೆ ಯಾರೋ ಬೆಲ್ಲ ಕಾಯಿಸ್ತಿದ್ದಂಗೆ ಅದೆ ನೋಡು" ಎಂದರು ಅತ್ತೆ ಮಗನಿಗೆ. ಅವರಿಗೆ ಗಾಬರಿಯೇನೂ ಆದಂತಿರಲಿಲ್ಲ. ಬೆಚ್ಚಗಿದೆಯೆಂದು ಖುಷಿಯೇ ಆಗಿತ್ತೋ ಏನೋ.

ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ, ಇಂಜಿನ್ ತಣಿದ ಮೇಲೆ ನೀರು ತುಂಬಿಸಿಕೊಂಡು, ಹೇಗೋ ಕಾರವಾರದ ಗ್ಯಾರೇಜು ಮುಟ್ಟಿದೆವು. ಮೆಕ್ಯಾನಿಕ್ ಕಾರ್ಪೆಟ್ಟಿನಡಿ ಕೈ ತೂರಿಸಿ, ಬೆರಳು ಮೂಸಿ ನೋಡಿ, ಹೀಟರ್ ಕೋರ್ ತೂತಾಗಿದೆ ಎಂದ. ಡ್ಯಾಶ್‌ಬೋರ್ಡಿನ ಹಿಂದೆ ಅಂಗೈಯಗಲದ ಒಂದು ರೇಡಿಯೇಟರ್ ಇರುತ್ತದಂತೆ. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುವುದರಿಂದಲೇ ಕಾರಿನೊಳಗೆ ಬಿಸಿಗಾಳಿ ಬರುವುದು.

"ಸದ್ಯ ಅದಕ್ಕೆ ಹೋಗೂ ಪೈಪ್ ಎರಡೂ ಒಂದಕ್ಕೊಂದು ಜೋಡ್ಸಿ ಬಿಡ್ತೆ ಸರ್. ಈ ಊರಲ್ಲಿ ಹೀಟರ್ ಇಲ್ಲ ಅಂತ ಯಾರೂ ಸತ್ತದ್ದಿಲ್ಲ" ಎಂದ.

ನಮ್ಮವರ ಮುಖ ಅರಳಿತು. ಆದರೆ ಹಿಂದಿನಿಂದ ಅತ್ತೆಯ ದನಿ ಬಂತು: "ಮತ್ತೆ ನನ್ನ ಮೊಣಕಾಲಿಗೆ?"

ಇಲ್ಲಿ ಒಂದು ವಿಷಯ ಹೇಳಬೇಕು. ಬೆವರಿಗೆ ಸೀರೆ ಮೈಗಂಟುವ ನಮ್ಮ ಕರಾವಳಿಯಲ್ಲಿ ಕಾರಿನ ಹೀಟರ್ ಹಾಕಿಸಿಕೊಂಡು ಕೂರುವವರು ಅತ್ತೆಯೊಬ್ಬರೇ ಇರಬೇಕು. ಮಳೆ ಬಿದ್ದರೆ ಸಾಕು, ಮುಂದಿನ ಸೀಟು ಅವರದ್ದು. ಸೀರೆಯನ್ನು ತುಸು ಮೇಲೆತ್ತಿ, ಎರಡೂ ಮೊಣಕಾಲನ್ನು ಬಿಸಿಗಾಳಿಗೆ ಒಡ್ಡಿ, ಕಣ್ಣು ಮುಚ್ಚುತ್ತಿದ್ದರು. ಹಿಂದೆ ನಾನು ಬೇಯುತ್ತಿದ್ದೆ. ಎಷ್ಟೋ ಎಣ್ಣೆ, ಎಷ್ಟೋ ಮುಲಾಮು ಹಚ್ಚಿ ಸೋತವರು, ಈ ಗಾಳಿಯಷ್ಟು ಗುಣ ಯಾವುದರಲ್ಲೂ ಇಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಹೊಸದು ಹಾಕಬೇಕೆಂದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಚೌತಿ ಮುಗಿಯುವ ತನಕ ತನಗೆ ಪುರುಸೊತ್ತಿಲ್ಲ ಎಂದ. ಪೈಪು ಜೋಡಿಸಿ ಕಳಿಸಿಕೊಟ್ಟ. ಭಾವಿಕೇರಿಯ ನಮ್ಮ ಮನೆ ಸೇರುವಷ್ಟರಲ್ಲಿ ನಮ್ಮವರು ತೀರ್ಮಾನಿಸಿಯಾಗಿತ್ತು.

"ನಾನೇ ಹಾಕ್ತೆ. ಅದ್ರಲ್ಲಿ ಎಂತದೆ?"

ಎಂತದೆ ಎಂದು ತಿಳಿಯಲು ಅವರು ಫೋನಿನಲ್ಲಿ ವಿಡಿಯೋ ಹುಡುಕಿದರು. ಅದರಲ್ಲಿದ್ದ ವಿದೇಶಿ ಮನುಷ್ಯ ದಪ್ಪ ಸ್ವೆಟರ್ ಹಾಕಿದ್ದ. ಅವನ ಬೆನ್ನ ಹಿಂದೆ ಹಿಮ ಬೀಳುತ್ತಿತ್ತು. ನಮ್ಮವರು ಲುಂಗಿ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಅವನನ್ನು ಭಕ್ತಿಯಿಂದ ನೋಡಿದರು. ಹೊಸ ಕೋರ್ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಅದನ್ನು ಎದೆಗವಚಿಕೊಂಡು ತಂದದ್ದನ್ನು ನೋಡಿದರೆ, ಮೊದಲ ಮಗಳನ್ನು ಆಸ್ಪತ್ರೆಯಿಂದ ತರುವಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ ಅನ್ನಿಸಿತು.

ಭಾನುವಾರ ಅಂಗಳದ ತಗಡಿನ ಮಾಡಿನಡಿ ಕೆಲಸ ಶುರುವಾಯಿತು. ಬ್ಯಾಟರಿಯ ವಯರು ಕಳಚಿ, ಸ್ಕ್ರೂ ಬಿಚ್ಚತೊಡಗಿದರು. ಅತ್ತೆ ಕುರ್ಚಿ ತರಿಸಿಕೊಂಡು ಎದುರೇ ಕೂತರು. ಸ್ಕ್ರೂ ಕಳೆದುಹೋಗದಂತೆ ತೆಂಗಿನ ಕರಟ ಇಡಿಸಿದ್ದು ಅವರೇ. ಒಂದು ಕರಟ ಸೀಟಿನೆದುರಿನ ಪೆಟ್ಟಿಗೆಯ ಸ್ಕ್ರೂಗಳಿಗೆ, ಒಂದು ರೇಡಿಯೋದವಕ್ಕೆ, ಇನ್ನೊಂದು ಎಲ್ಲಿಯದೆಂದು ಗೊತ್ತಿಲ್ಲದವಕ್ಕೆ. ಮಧ್ಯಾಹ್ನದ ಹೊತ್ತಿಗೆ ಈ ಕೊನೆಯ ಕರಟವೇ ತುಂಬಿತ್ತು.

ಕಾರ್ಪೆಟ್ ಎತ್ತಿದಾಗ ನಮ್ಮವರು ಜೋರಾಗಿ ಕೂಗಿದರು. ಅವರ ಬೆರಳ ತುದಿಯಲ್ಲಿ ಮೀನಿನ ಮೈಮೇಲಿನ ಒಣಗಿದ ಹುರುಪೆ.

"ನೋಡು! ನಾ ಹೇಳ್ಲಿಲ್ವಾ?"

ಅತ್ತೆ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. "ಬಂಗಡೆಗೆ ಇಷ್ಟ್ ದೊಡ್ಡ ಹುರುಪೆ ಎಲ್ಲಿದ್ಯಾ ಮಾರಾಯ? ಇದು ಕಾಗಳಸಿ ಮೀನಿಂದು. ಮೊನ್ನೆ ಕಾಗಳಸಿ ತಂದಂವ ಯಾರು, ನೀನೇ ಅಲ್ಲಾ?"

ನಾನು ಎಲ್ಲರಿಗೂ ಚಹಾ ಮಾಡಿ ತಂದೆ. ನಮ್ಮವರ ಲೋಟಕ್ಕೆ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದೆ.

ಸಂಜೆಯಾಗುವಾಗ ಡ್ಯಾಶ್‌ಬೋರ್ಡು ಜಗಲಿಯ ಮೇಲೆ ಅಂಗಾತ ಮಲಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಗುಜರಿಯವನು ಸೈಕಲ್ ನಿಲ್ಲಿಸಿ, "ಕೊಡೂಕೆ ಬಿಚ್ಚಿದ್ದೇನ್ರಾ?" ಎಂದು ಆಸೆಯಿಂದ ಕೇಳಿದ. ಅವತ್ತು ನಮ್ಮವರು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ರಜೆ ಹಾಕಿ ಮುಂದುವರಿಸಿದರು. ಹಳೆಯ ಕೋರ್ ಹೊರಬಂತು. ಜೇನುಹಟ್ಟಿನಂಥ ಅದರ ಮೂಲೆಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಹೊಸದಕ್ಕೆ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿ ಕೂರಿಸಿದರು. ಒಳಗಿನ ಒಂದು ನಟ್ಟಿಗೆ ಅವರ ಕೈ ಹೋಗಲಿಲ್ಲ, ನನ್ನದು ಹೋಯಿತು. ನಾನು ಸೀಟಿನಡಿ ತಲೆ ತೂರಿಸಿ ಮಲಗಿದ್ದರೆ ಮೇಲಿನಿಂದ "ಎಡಕ್ಕೆ! ಎಡಕ್ಕೆ! ನಿನ್ನ ಎಡ ಅಲ್ಲ ಮಾರಾಯ್ತಿ, ನನ್ನ ಎಡ!" ಎಂದು ಆಜ್ಞೆಗಳು ಬರುತ್ತಿದ್ದವು. ಅದೇ ಗದ್ದಲದಲ್ಲಿ ಹೀಟರಿನ ಗುಂಡಿಯ ತಂತಿಯನ್ನೂ ಸಿಕ್ಕಿಸಿದೆವು. ಸಿಕ್ಕಿಸಿದ ಕೈ ಯಾರದ್ದೆಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಪೈಪುಗಳನ್ನು ಸೇರಿಸಿ, ಕೂಲೆಂಟ್ ತುಂಬಿ, ಮುಚ್ಚಳ ತೆರೆದಿಟ್ಟೇ ಇಂಜಿನ್ ಶುರು ಮಾಡಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವ ತನಕ ಕಾದರು. ಒಂದು ಹನಿಯೂ ಸೋರಲಿಲ್ಲ. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ನಮ್ಮವರು ಗುಂಡಿಯನ್ನು ಕೆಂಪಿನ ಕಡೆ ಪೂರ್ತಿ ತಿರುಗಿಸಿದರು. ಬಂದದ್ದು ತಣ್ಣನೆ ಗಾಳಿ.

"ಫ್ಯಾನೇ ಬೇಕಾಗಿದ್ರೆ ನಾ ಜಗಲಿ ಮೇಲೇ ಕೂತ್ಕಂತಿದ್ದೆ ತಮಾ."

ನಮ್ಮವರು ಪೈಪು ಮುಟ್ಟಿ ನೋಡಿದರು, ಎರಡೂ ಬಿಸಿ. ವಿಡಿಯೋ ಮತ್ತೆ ನೋಡಿದರು. ಕೊನೆಗೆ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಚೇಷ್ಟೆಗೆ ಇಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನುಂಗಿಕೊಂಡು ಪಕ್ಕದಲ್ಲಿ ಕೂತೆ. ಮೈಯೆಲ್ಲ ಮಸಿ, ಬೆರಳಿಗೆ ಬಟ್ಟೆ ಸುತ್ತಿದ್ದರು. ಅವ್ವನ ಕಾಲಿಗಾಗಿ ಇಷ್ಟು ಮಾಡಿದ ಮನುಷ್ಯನನ್ನು ಆ ಹೊತ್ತಿನಲ್ಲಿ ಕಾಡಿಸಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಕಾರಿನೊಳಗಿಂದ "ಬಂತು! ಬಂತು!" ಎಂಬ ಕೂಗು. ಕೂತು ಬೇಸರ ಬಂದು ಅತ್ತೆ ಗುಂಡಿಯನ್ನು ನೀಲಿಗೆ ತಿರುಗಿಸಿದ್ದರು. ಬಿಸಿಗಾಳಿ ಹೊಡೆಯುತ್ತಿತ್ತು. ತಂತಿ ತಿರುವುಮುರುವಾಗಿ ಕೂತಿತ್ತು.

"ಇದೊಂದ್ ಸರಿ ಮಾಡ್ಬಿಡ್ತೆ ಅವ್ವಾ, ಮತ್ತೊಮ್ಮೆ ಬಿಚ್ಚಿ..."

"ಮುಟ್ಟಿದ್ರೆ ನೋಡು ಮತ್ತೆ! ಬಣ್ಣ ನೋಡೂದು ಮೊಣಕಾಲಲ್ಲ."

ಹಾಗೆಯೇ ಉಳಿಯಿತು. ನಮಗೆ ರೂಢಿಯೂ ಆಯಿತು. ಬೇಸಿಗೆಯಲ್ಲಿ ನಾದಿನಿಯ ಗಂಡ ಮದುವೆಗೆಂದು ಇದೇ ಕಾರು ಒಯ್ದರು. ಬಣ್ಣದ ವಿಷಯ ಹೇಳಲು ಯಾರಿಗೂ ನೆನಪಾಗಲಿಲ್ಲ. ಗೋವಾಕ್ಕೆ ಹೋಗಿ ಬಂದವರು ನೀರಿನಿಂದ ಎದ್ದು ಬಂದಂತೆ ಒದ್ದೆಯಾಗಿ ಅಂಗಳದಲ್ಲಿಳಿದು, "ಭಾವಾ, ನಿಮ್ಮ ಇಂಜಿನ್ ಸುಡ್ತಾ ಅದೆ. ನೀಲಿಗಿಟ್ಟಷ್ಟೂ ಬೆಂಕಿ ಬತ್ತದೆ" ಎಂದರು.

ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿದರು. ಜಗಲಿಯಿಂದ ಅತ್ತೆ ಕಾಳಜಿಯಿಂದ ಕೇಳಿದರು:

"ಅಳಿಯಂದ್ರೇ, ಮೊಣಕಾಲು ಹೆಂಗದೆ ಈಗ?"

ಅವರು ನಿಂತಲ್ಲೇ ಒಂದು ಕಾಲು ಮಡಚಿ ಬಿಡಿಸಿ ನೋಡಿದರು. "ಹೌದಲ್ಲಾ," ಎಂದರು ಯೋಚಿಸುತ್ತ, "ಹಗುರ ಆದಂಗೇ ಅದೆ."