ಸ್ಕ್ರೂವಿನ ಮೇಲಿನ ಕೆಂಪು

ನನ್ನ ಮೈದುನನ ಎಡಗೈ ತೋರುಬೆರಳಿಗೆ ಉಗುರಿಲ್ಲ. ಏರ್ ರೈಫಲ್ ಕಂಪನಿಯೊಂದರ ಸರ್ವಿಸ್ ಅಂಗಡಿಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ರಿಪೇರಿ ಮಾಡುತ್ತಿದ್ದಾನೆ. ಉಗುರು ಹೋದದ್ದು ಎರಡನೆಯ ವರ್ಷ, “ನಾವು ಬಿಚ್ಚೇ ಇಲ್ಲ” ಎಂದ ಗಿರಾಕಿಯ ಮಾತು ನಂಬಿದ್ದಕ್ಕೆ. ಅಂದಿನಿಂದ ಅವನು ಮೊದಲು ನೋಡುವುದು ಗಿರಾಕಿಯ ಮುಖವನ್ನಲ್ಲ, ಸ್ಕ್ರೂಗಳನ್ನು. ಕಾರ್ಖಾನೆಯವರು ಪ್ರತಿ ಸ್ಕ್ರೂವಿನ ತಲೆಗೂ ಒಂದು ಹನಿ ಕೆಂಪು ಬಣ್ಣ ಇಟ್ಟಿರುತ್ತಾರೆ. ಬಿಚ್ಚಿದರೆ ಅದು ಒಡೆಯುತ್ತದೆ. ವಾರಂಟಿ ಅಲ್ಲಿಗೆ ಮುಗಿಯಿತು. ಅವನ ಅಕ್ಷರ ಕೋಳಿ ಕೆದರಿದಂತಿರುವುದರಿಂದ ಕಂಪನಿಯ ಫಾರಂಗಳನ್ನು ನಾನು ಅಂಗಡಿಯಲ್ಲೇ ಕೂತು ತುಂಬಿಕೊಡುತ್ತೇನೆ.

ಒಂದು ಬೆಳಿಗ್ಗೆ ಗಿರಾಕಿಗಳಿಬ್ಬರು, ಒಬ್ಬ ಅಪ್ಪ ಮತ್ತು ಅವನ ಮಗಳು, ಅಡ್ಡಡ್ಡ ಹೆಜ್ಜೆ ಹಾಕುತ್ತ ಒಳಗೆ ಬಂದರು. ಇಬ್ಬರ ನಡುವೆ ಒಂದೇ ರೈಫಲ್. ಅಪ್ಪ ಹಿಡಿಯನ್ನು ಅವುಚಿಕೊಂಡಿದ್ದ. ಕಾಲೇಜು ಓದುವ ಮಗಳು ಗುಂಡು ತುಂಬಲು ಮಡಚಿದ ನಳಿಗೆಯನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿ ಹಿಡಿದಿದ್ದಳು. ಸ್ಪ್ರಿಂಗನ್ನು ತಡೆಯುವ ಕೊಂಡಿ ಅರ್ಧ ಮಾತ್ರ ಕಚ್ಚಿತ್ತು. ಅದು ಜಾರಿದರೆ ನಳಿಗೆ ಕತ್ತರಿಯಂತೆ ಮುಚ್ಚಿಕೊಳ್ಳುತ್ತದೆ. ಸಂದಿಯಲ್ಲಿ ಅವಳ ಹೆಬ್ಬೆರಳಿತ್ತು. ಹಿಡಿತ ಬದಲಿಸುವ ಧೈರ್ಯ ಅವಳಿಗಿರಲಿಲ್ಲ.

“ಅಲ್ಲಾಡಬೇಡ ಮಗಾ. ಎಷ್ಟು ಹೊತ್ತಾಯ್ತು?” ಎಂದ ಮೈದುನ.

“ಕಾಲು ಗಂಟೆ. ಕೈ ಜೋಮು ಹಿಡೀತಿದೆ ಅಂಕಲ್.”

ಅವನು ಅಪ್ಪನತ್ತ ತಿರುಗಿದ. “ಮನೇಲಿ ಬಿಚ್ಚಿದ್ರಾ?”

“ಛೇ, ಮುಟ್ಟೇ ಇಲ್ಲ! ವಾರಂಟಿ ಇದೆ. ಕಾರ್ಡು ಜೇಬಲ್ಲೇ ಇದೆ ನೋಡಿ.”

ಮೈದುನ ಬಗ್ಗಿದ. ಸ್ಕ್ರೂಗಳ ಮೇಲೆ ಕೆಂಪು ಇತ್ತು, ಆದರೆ ಫಳಫಳ ಹೊಳೆಯುತ್ತಿತ್ತು. ಕಾರ್ಖಾನೆಯ ಬಣ್ಣಕ್ಕೆ ಹೊಳಪಿರುವುದಿಲ್ಲ.

“ಕಂಪನಿ ಸ್ಪ್ರಿಂಗ್ ಆದ್ರೆ ನಾನೇ ನಳಿಗೆ ಹಿಡಿದು ಈಗ್ಲೇ ಬಿಡಿಸ್ತೀನಿ. ಬೇರೆ ಗಟ್ಟಿ ಸ್ಪ್ರಿಂಗ್ ಇದ್ರೆ ನನ್ನ ಕೈಗೆ ನಿಲ್ಲಲ್ಲ, ಹಗ್ಗ ಕಟ್ಬೇಕು. ಯಾವುದು?”

“ಹೇಳಿದ್ನಲ್ಲ ಸಾರ್...”

ಮೈದುನ ತನ್ನ ಉಗುರಿಲ್ಲದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದ. ಆ ಮನುಷ್ಯ ಅದನ್ನು ನೋಡಿ ಮಗಳ ಹೆಬ್ಬೆರಳತ್ತ ಕಣ್ಣು ಹಾಯಿಸಿದ. ಹುಡುಗಿ ಸ್ಕ್ರೂಗಳ ಮೇಲಿನ ಕೆಂಪನ್ನು ದಿಟ್ಟಿಸಿದಳು.

“ಅಪ್ಪಾ, ಅದು ನನ್ನ ನೇಲ್ ಪಾಲಿಶ್ ಅಲ್ವಾ? ಬೇಗ ಬೊಗಳು, ನಿನ್ನ ವಾರಂಟಿ ಹಾಳಾಗ್ಲಿ!”

“ಬದಲಾಯ್ಸಿದೀನಿ ಸಾರ್. ಗಟ್ಟೀದೇ. ಟ್ರಿಗರ್ ಹಗುರ ಆಗ್ಲಿ ಅಂತ ಕೊಂಡೀನೂ ಅರದಲ್ಲಿ ಸ್ವಲ್ಪ ಉಜ್ಜಿದೆ.”

“ಅರ ಬೇರೆ! ಅತ್ತಿಗೆ, ಹಗ್ಗ!”

ಅವನು ರೈಫಲಿನ ಮೈಯನ್ನು ಮೇಜಿಗೆ ಜೋಡಿಸಿದ್ದ ಕಬ್ಬಿಣದ ಇಕ್ಕಳಕ್ಕೆ, ವೈಸ್‌ಗೆ, ಕಚ್ಚಿಸಿದ. ನಳಿಗೆಯ ತುದಿಗೆ ಹಗ್ಗ ಬಿಗಿದು, ಮೇಜಿನ ಕಬ್ಬಿಣದ ಕಾಲಿಗೆ ಮೂರು ಸುತ್ತು ಹಾಕಿ, ಕೊನೆಯನ್ನು ನನ್ನ ಕೈಗಿತ್ತ. “ಏನೇ ಆದ್ರೂ ಬಿಡಬೇಡಿ.”

ಹುಡುಗಿಗೆ ಕೈ ತೆಗೆಯಲು ಹೇಳಿದರೆ ಬೆರಳುಗಳೇ ಬಿಚ್ಚಲಿಲ್ಲ. ಅವನು ಒಂದೊಂದಾಗಿ ಬಿಡಿಸಿದ. ಹೆಬ್ಬೆರಳು ಹೊರಬಂದ ಮರುಗಳಿಗೆ ಕೊಂಡಿ ಜಾರಿತು. ಮೇಜು ಗಕ್ಕನೆ ಜರುಗಿತು. ಹಗ್ಗ ನನ್ನ ಅಂಗೈಯನ್ನು ತರಚಿತು. ನಾನು ಬಿಡಲಿಲ್ಲ. ಆಮೇಲೆ ಅವನು ಹೇಳಿದಂತೆ ಅಂಗುಲ ಅಂಗುಲವಾಗಿ ಸಡಿಲಿಸಿದೆ. ನಳಿಗೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ನಾನು ಫಾರಂ ಎಳೆದುಕೊಂಡೆ. “ಗ್ರಾಹಕರು ಬಿಚ್ಚಿದ್ದಾರೆಯೇ?” ಎಂಬ ಸಾಲಿಗೆ ಬಂದಾಗ ಅಪ್ಪ ಕೆಮ್ಮಿದ. “ಅಮ್ಮಾ, ಅಲ್ಲೊಂದು ‘ಇಲ್ಲ’ ಅಂತ...”

“ಹೌದು” ಎಂದು ಬರೆದೆ. ಸ್ಪ್ರಿಂಗು, ಕೊಂಡಿ, ನೇಲ್ ಪಾಲಿಶ್ ಎಲ್ಲವನ್ನೂ ಬರೆದೆ.

ರೈಫಲ್ ಮಗಳ ಹೆಸರಿನಲ್ಲಿತ್ತು. ಸಹಿ ಹಾಕಲು ಹೋದರೆ ಮರಗಟ್ಟಿದ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ. ಅವಳು ಇಂಕಿನ ಪ್ಯಾಡು ಎಳೆದುಕೊಂಡಳು.

“ಕಾಲೇಜಿಗೆ ಹೋಗೋಳು ಹೆಬ್ಬೆಟ್ಟು ಒತ್ತೋದಾ?” ಎಂದ ಅಪ್ಪ.

“ಒತ್ತೋಕೆ ಹೆಬ್ಬೆಟ್ಟು ಉಳಿದಿದೆಯಲ್ಲ, ನೋಡ್ಕೋ,” ಎಂದು ಅವಳು ಒತ್ತಿದಳು.