ಲಾಟೀನಿನ ದೂರದ ನೆಂಟ

ನಮ್ಮ ಮನೆಯ ಲಾಟೀನಿಗೆ ಅರ್ಮೇನಿಯಾದಲ್ಲಿ ನೆಂಟರಿದ್ದಾರೆಂದು ಯಸಳೂರಿನಿಂದ ಸಕಲೇಶಪುರದವರೆಗೆ ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳಿದ್ದೇನೆ. ಅದನ್ನು ಕೇಳಲೆಂದೇ ಡ್ರೈವರ್ ತಿರುವುಗಳಲ್ಲಿ ನಿಧಾನ ಮಾಡಿದನೆಂಬುದು ನನ್ನ ನಂಬಿಕೆ.

ಕಳೆದ ಚಳಿಗಾಲದಲ್ಲಿ ಚಿಕ್ಕಪ್ಪನ ಹೋಂಸ್ಟೇಗೆ ಅರ್ಮೇನಿಯಾದ ಒಬ್ಬ ಅಕ್ಕ ಬಂದಿದ್ದರು. ಭಾಷೆಗಳನ್ನು ಓದಿದವರು. ನಮ್ಮ ಜಗಲಿಯ ಮೊಳೆಗೆ ನೇತುಹಾಕಿದ್ದ ಅಜ್ಜಿಯ ಲಾಟೀನು ಕಂಡವರೇ "ಲಾಪ್ತೆರ್!" ಎಂದರು. ಅವರ ಭಾಷೆಯಲ್ಲಿ ಲಾಟೀನಿಗೆ ಅದೇ ಹೆಸರಂತೆ. ಬಹಳ ಹಿಂದೆ ಗ್ರೀಕರಿಂದ 'ಲಾಂಪ್ತೆರ್' ಎಂಬ ಮಾತನ್ನು ಇಸಕೊಂಡು, ಮನೆಗೆ ಒಯ್ಯುವಾಗ ನಡುವಿನ ಒಂದು ಸದ್ದನ್ನು ದಾರಿಯಲ್ಲಿ ಬೀಳಿಸಿಕೊಂಡರಂತೆ. ಅದರ ಬೇರಿನಲ್ಲಿರುವುದು ಹೊಳೆಯುವುದು ಎಂಬ ಅರ್ಥ. ಗ್ರೀಕರಿಗೆ ಅದು ದೀಪ, ಪಂಜು. ಬೆಟ್ಟದ ನೆತ್ತಿಯಲ್ಲಿ ಉರಿಸಿ ದೂರದವರಿಗೆ ಸುದ್ದಿ ಮುಟ್ಟಿಸುವ ಬೆಂಕಿಯೂ ಹೌದು. ಅದೇ ಮಾತು ಇನ್ನೊಂದು ದಾರಿ ಹಿಡಿದು, ಲ್ಯಾಟಿನ್ನರ ಮನೆಯಲ್ಲಿ ವೇಷ ಬದಲಿಸಿ, ಯಾವುದೋ ಹಡಗು ಹತ್ತಿ ಬಂದು ನಮ್ಮಲ್ಲಿ ಲಾಟೀನಾಗಿದೆ.

ನಾನು ಇದನ್ನೆಲ್ಲ ಅಜ್ಜಿಗೆ ಕನ್ನಡದಲ್ಲಿ, ಸ್ವಲ್ಪ ಮಸಾಲೆ ಸೇರಿಸಿ ಹೇಳಿದೆ.

"ಹಂಗಾರೆ ನನ್ ಲಾಟೀನು ನನ್ಗಿಂತ ಜಾಸ್ತಿ ಊರು ನೋಡೈತೆ ಬಿಡು" ಎಂದರು ಅಜ್ಜಿ.

ಅಂದು ಸಂಜೆ ಚಿಕ್ಕಪ್ಪ ಮೆಣಸಿನ ಬಳ್ಳಿ ತೋರಿಸಲು ಅಕ್ಕನನ್ನು ಎದುರಿನ ಇಳಿಜಾರಿಗೆ ಕರೆದೊಯ್ದಿದ್ದರು. ಮಂಜು ಇಳಿಯಿತು, ಕರೆಂಟು ಹೋಯಿತು. ಆ ತಗ್ಗಿನಲ್ಲಿ ಮೊಬೈಲು ಬರೀ ಗಡಿಯಾರ.

"ತೆಳ್ಳಗಿರೋ ಅಂಗಿ ಹಾಕ್ಕಂಡು ಹೋಗವ್ಳೆ ಹುಡ್ಗಿ. ಚಳೀಲಿ ಸೆಟ್ಕಂಬುಡ್ತಾಳೆ ಕಣೋ" ಎಂದು ಅಜ್ಜಿ ಒಳಗೂ ಹೊರಗೂ ಓಡಾಡತೊಡಗಿದರು.

ಅವರನ್ನು ಬೇಗ ಕರೆಸುವುದು ಹೇಗೆಂದು ಯೋಚಿಸುವಾಗ ನನಗೆ ಗ್ರೀಕರ ಬೆಂಕಿ ನೆನಪಾಯಿತು. ಲಾಟೀನು ಹಚ್ಚಿಕೊಂಡು ಕಾಫಿ ಒಣಗಿಸುವ ಕಣಕ್ಕೆ ಹೋಗಿ ಅತ್ತಿತ್ತ ಬೀಸಿದೆ. ಮಂಜಿನಲ್ಲಿ ಬೆಳಕು ಹಾಲಿಗೆ ಬಿದ್ದ ಕೇಸರಿಯಂತೆ ಮೆಲ್ಲಗೆ ಹರಡಿತು. ತೋಟದ ಸಿಲ್ವರ್ ಓಕ್ ಮರಗಳು ಬುಡ ಕಳಚಿಕೊಂಡು ತೇಲಿದವು. ನನ್ನ ನೆರಳು ಎದ್ದು ದೂರದ ಬೆಳಗೋಡು ಊರಿನವರೆಗೆ ಹೋಗಿ ವಾಪಸು ಬಂದಿತು. ಸುಳ್ಳಾದರೆ ಮಂಜನ್ನೇ ಕೇಳಿ. ಬೀಸುತ್ತ ಬೀಸುತ್ತ ನಾನು ಯಾವ ಕಾಲದಲ್ಲಿ, ಯಾವ ಬೆಟ್ಟದ ಮೇಲೆ ನಿಂತಿದ್ದೇನೆಂಬುದೇ ಮಸುಕಾಯಿತು. ಕೆಳಗಿನಿಂದ ಮಾತ್ರ ಯಾರೂ ಬರಲಿಲ್ಲ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಅಯ್ಯೋ ಮಾರಾಯ, ಆಡುಸ್ಬೇಡ ಕಣೋ! ಆನೆ ಬಂದೈತೆ ಅನ್ಕಂಡು ಅಲ್ಲೇ ಕೂತವ್ರೆ ಅವ್ರು!"

ನಮ್ಮ ತೋಟದ ಕಟ್ಟಳೆ ಅದು. ಕಣದಲ್ಲಿ ಬೆಳಕು ಅತ್ತಿತ್ತ ಆಡಿದರೆ ಆನೆ ಇಳಿದಿದೆ, ಇದ್ದಲ್ಲೇ ಇರಿ ಎಂದು. ಅಲ್ಲಾಡದೆ ನಿಂತರೆ ಬನ್ನಿ ಎಂದು. ಗ್ರೀಕನಾಗುವ ಭರದಲ್ಲಿ ನಾನು ಈ ತೋಟದವನೆಂಬುದೇ ಮರೆತುಹೋಗಿತ್ತು.

ಲಾಟೀನು ಎತ್ತಿ ಹಿಡಿದು ಕಲ್ಲಾದೆ. ಮೂಗಿನ ತುದಿ ತುರಿಸಿತು, ಕೆರೆದುಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ ಮಂಜಿನಿಂದ ಮೊದಲು ಎರಡು ಕೆಮ್ಮು, ಆಮೇಲೆ ಎರಡು ತಲೆ ಹೊರಬಂದವು. ಅಕ್ಕನ ಹಲ್ಲು ಕಟಕಟ ಎನ್ನುತ್ತಿತ್ತು. ಅಜ್ಜಿ ಕಂಬಳಿ ತಂದು ಹೊದಿಸಿದರು.

ಚಿಕ್ಕಪ್ಪ ಪಿಸುಗುಟ್ಟಿದರು: "ಎತ್ಲಾಗೆ ಹೋಯ್ತೋ ಆನೆ?"

ನನ್ನ ನಾಲಿಗೆಯ ತುದಿಯಲ್ಲಿ ಒಂದು ಸಲಗ, ಎರಡು ಮರಿ ಸಿದ್ಧವಾಗಿದ್ದವು. ಅಜ್ಜಿ ಬಿಡಲಿಲ್ಲ.

"ಎಲ್ಲೂ ಹೋಗಿಲ್ಲ. ಇಗಾ, ಲಾಟೀನು ಹಿಡ್ಕಂಡು ನಿಂತೈತಲ್ಲ!"